ಚಂದ್ರಿಗೆ ಇಟಾಲಿಯನ್ ಕಲಿಸಿದ ವರ್ಷ

ಕಳೆದ ಭಾನುವಾರ ಅಕ್ಕನ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ. ದುರ್ಗದಲ್ಲೇ ಇದ್ದರೂ ನಾವು ಕೋಟೆ ಹತ್ತುವುದು ನೆಂಟರು ಬಂದಾಗ ಮಾತ್ರ. ಹಿಂದಿನ ದಿನ ಒಂದು ಮಳೆ ಬಿದ್ದು ಬಂಡೆಗಳೆಲ್ಲ ಜಾರುತ್ತಿದ್ದವು. ಯಾರೋ ವಿದೇಶದ ಗಂಡ ಹೆಂಡತಿ ನಮ್ಮ ಮುಂದೆ ಹೋಗುತ್ತಿದ್ದರು. ಗಂಡ ಫೋಟೊ ತೆಗೆಯುವ ಹುಚ್ಚಿಗೆ ಬಂಡೆಯ ಅಂಚಿಗೆ ಹೋಗಿ ನಿಂತ. ಹೆಂಡತಿ ಕೆಳಗಿನಿಂದ "ಶೀವೊಲಾ! ಶೀವೊಲಾ!" ಎಂದು ಕೂಗಿಕೊಂಡಳು. ಜಾರುತ್ತೆ, ಜಾರುತ್ತೆ ಅಂತ. ನನಗೆ ಅರ್ಥವಾಯಿತು. ಅರ್ಥವಾಗುವುದಕ್ಕೂ ಮೊದಲೇ ನನ್ನ ಬಲಗೈ ಗದ್ದದ ಕೆಳಗೆ ಹೋಗಿತ್ತು. ಶೀ, ವೊ, ಲಾ. ಗದ್ದ ಮೂರು ಸಲ ಕೈಗೆ ತಾಗಿತು. ಭಾರ ಮೊದಲನೆಯದರ ಮೇಲೆ.

"ಚಿಕ್ಕಮ್ಮ, ಹಲ್ಲು ನೋವಾ?" ಎಂದಳು ಅಕ್ಕನ ಮಗಳು. ಹೂಂ ಅಂದೆ. ಮಕ್ಕಳಿಗೆ ಏನಂತ ಹೇಳುವುದು? ಮನೆಗೆ ಬಂದು ಅಡುಗೆ ಮಾಡಿ ಬಡಿಸಿ, ಅವರನ್ನು ಬಸ್ಸು ಹತ್ತಿಸಿದ ಮೇಲೂ ಆ ವರ್ಷ ತಲೆಯಿಂದ ಇಳಿಯಲೊಲ್ಲದು. ಬರೆದಾದರೂ ಇಳಿಸೋಣ ಎಂದು ಕೂತಿದ್ದೇನೆ.

ನಾನು ತುರುವನೂರಿನವಳು, ನರ್ಸ್. ಆಗ ದುರ್ಗದ ಒಂದು ಖಾಸಗಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದೆ. ಹೊಳಲ್ಕೆರೆ ರಸ್ತೆಯ ಒಂದು ಮನೆಯ ಮಹಡಿಯಲ್ಲಿ ಒಂಟಿ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮದುವೆಯಾದ ಎರಡನೇ ವರ್ಷವೇ ನನ್ನ ಗಂಡ ಹಿರಿಯೂರಿನ ಹತ್ತಿರ ಹೈವೇಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡರು. ಅಲ್ಲಿಂದಾಚೆ ಜನ ನನ್ನನ್ನು ಎರಡು ಥರ ನೋಡತೊಡಗಿದರು. ನೋವು ಕಾಣಿಸಿಕೊಂಡಾಗ "ಸುಮಾ ಸಿಸ್ಟರ್ ಅದಾರಾ? ಅವರ ಕೈಗುಣ ಚೆನ್ನಾಗೈತೆ" ಎಂದು ಹುಡುಕಿಕೊಂಡು ಬರುವರು. ಅದೇ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನನ್ನ ನೆನಪು ಯಾರಿಗೂ ಇರದು. ಭೂಮಿಗೆ ಬಿದ್ದ ಕೂಸನ್ನು ಎಲ್ಲರಿಗಿಂತ ಮೊದಲು ಹಿಡಿಯಲು ಈ ಕೈ ಬೇಕು, ಹೆಸರಿಡುವಾಗ ಇದೇ ಕೈ ಬೇಡ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು, ಕೊನೆಗೆ ಅಂಥ ದಿನಗಳಲ್ಲಿ ನಾನೇ ಡ್ಯೂಟಿ ಹಾಕಿಸಿಕೊಳ್ಳತೊಡಗಿದೆ.

ಚಂದ್ರಿ, ಅಂದರೆ ಚಂದ್ರಕಲಾ, ಅದೇ ವಾರ್ಡಿಗೆ ಹೊಸದಾಗಿ ಬಂದವಳು. ಮದಕರಿಪುರದ ಕುರಿ ಸಾಕುವ ಮನೆಯ ಹುಡುಗಿ. ಆ ಮನೆಯಲ್ಲಿ ಕಾಲೇಜಿನ ಮುಖ ಕಂಡವಳು ಅವಳೊಬ್ಬಳೇ. ನನಗಿಂತ ಆರೇಳು ವರ್ಷ ಸಣ್ಣವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಯಾರಾದರೂ ನನ್ನನ್ನು ಪಕ್ಕಕ್ಕೆ ಸರಿಸಿದರೆ ನನಗಿಂತ ಮೊದಲು ಅವಳಿಗೆ ಉರಿ ಹತ್ತುತ್ತಿತ್ತು. "ಅದೆಲ್ಲ ಅಜ್ಜಿ ಕಾಲದ್ದು ಬಿಡಕ್ಕ. ಇವರಿಗೆಲ್ಲ ಬುದ್ಧಿ ಯಾವಾಗ ಬರುತ್ತೋ" ಎನ್ನುವಳು.

ಒಂದು ಸಲ ರಜೆಯ ದಿನ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಅವಳ ತಾಯಿ ಗಂಗಮ್ಮ ರೊಟ್ಟಿ ಬಡಿದು, ಹುಚ್ಚೆಳ್ಳು ಪುಡಿ ಹಾಕಿ, ಸಾಕೆಂದರೂ ಬಿಡದೆ ತಿನ್ನಿಸಿದಳು. ಹೊರಡುವಾಗ ಅಲ್ಲೇ ಇದ್ದ ಪಕ್ಕದ ಮನೆಯ ಹೆಂಗಸಿಗೆ ಅರಿಶಿನ ಕುಂಕುಮ ಕೊಟ್ಟಳು. ನನ್ನ ಕೈಗೆ ಬಂದದ್ದು ಒಂದು ಕವರು ಶೇಂಗಾ. ನಾನು ಶೇಂಗಾ ತೆಗೆದುಕೊಂಡು ಚಪ್ಪಲಿ ಹುಡುಕುತ್ತಿದ್ದೆ. ಚಂದ್ರಿ ತಾಯಿಯ ಕೈಯಲ್ಲಿದ್ದ ಬಟ್ಟಲಿಗೆ ಬೆರಳು ಅದ್ದಿದವಳೇ ಬಂದು ನನ್ನ ಹಣೆಗೆ ಹಚ್ಚಿಬಿಟ್ಟಳು. ಗಂಗಮ್ಮ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು. ಬಸ್ಸಿನಲ್ಲಿ ದುರ್ಗದವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಒಡಹುಟ್ಟಿದವರೂ ಮಾಡದ ಕೆಲಸವನ್ನು ಈ ಹುಡುಗಿ ಮಾಡಿದಳಲ್ಲ ಎಂದು ಕಣ್ಣು ತುಂಬಿ ಬರುತ್ತಿತ್ತು.

ಯುಗಾದಿ ಕಳೆದ ಮೇಲೆ ಇಟಲಿಯ ಸುದ್ದಿ ತಂದವಳೂ ಅವಳೇ. ಅಲ್ಲಿನ ಆಸ್ಪತ್ರೆಗಳಿಗೆ ನರ್ಸ್‌ಗಳು ಸಾಲುತ್ತಿಲ್ಲವಂತೆ, ಭಾಷೆಯ ಪರೀಕ್ಷೆ ಪಾಸಾದವರನ್ನು ಬೆಂಗಳೂರಿನ ಒಂದು ಏಜೆನ್ಸಿಯವರು ಕಳಿಸುತ್ತಾರಂತೆ. ನನಗೆ ನಗು ಬಂತು. ಇಂಗ್ಲಿಷ್ ಮಾತಾಡುವಾಗಲೇ ಎಡವುವ ನಾವು ಇಟಾಲಿಯನ್ ಮಾತಾಡುವುದೇ?

"ನಗಬ್ಯಾಡಕ್ಕ. ಹೋಗಾಣ. ಅಲ್ಲಿ ಯಾರೂ ನಿನ್ನ ಹಣೆ ನೋಡಲ್ಲ" ಎಂದಳು ಚಂದ್ರಿ.

ಆ ಒಂದು ಮಾತಿಗೆ ನಾನು ಬಿದ್ದೆ. ಸಂಬಳ, ವಿಮಾನ, ಹಿಮ, ಯಾವುದಕ್ಕೂ ಅಲ್ಲ. ಬೆಳಗ್ಗೆ ಎದ್ದು ಬೀದಿಗೆ ಬಂದರೆ ಎದುರಿಗೆ ಬಂದವರು ಒಂದು ಗಳಿಗೆ ತಡೆದು ನಿಲ್ಲದ ಊರು ಭೂಮಿಯ ಮೇಲೆ ಇದೆಯಾದರೆ, ಅದಕ್ಕಾಗಿ ಯಾವ ಭಾಷೆಯನ್ನಾದರೂ ಕಲಿಯುತ್ತೇನೆ ಅನ್ನಿಸಿತು. ಹೋದರೆ ಇಬ್ಬರೂ ಒಟ್ಟಿಗೆ, ಇಲ್ಲದಿದ್ದರೆ ಇಬ್ಬರೂ ಇಲ್ಲ ಎಂದು ಮಾತಾಯಿತು. ಮಾತು ಅವಳದೇ, ಒಪ್ಪಿದ್ದು ನಾನು.

ಪಾಠ ಫೋನಿನಲ್ಲಿ. ಫಿಲೋಮಿನಾ ಮೇಡಂ ಎಂದು ಮಂಗಳೂರು ಕಡೆಯವರು, ಬಹಳ ವರ್ಷ ಇಟಲಿಯಲ್ಲಿದ್ದು ಬಂದವರು. ನನ್ನ ಕೋಣೆಯಲ್ಲಿ ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿಕೊಂಡು ಇಬ್ಬರೂ ಚಾಪೆಯ ಮೇಲೆ ಕೂರುತ್ತಿದ್ದೆವು. ಮೇಡಂ ಮೊದಲನೆಯ ದಿನವೇ ಹೇಳಿದರು: ಅಕ್ಷರಮಾಲೆ ಬೇಗ ಬರುತ್ತದೆ, ವ್ಯಾಕರಣ ನಿಧಾನಕ್ಕೆ ಬರುತ್ತದೆ. ಆದರೆ ಮಾತನ್ನು ತುಂಡು ಮಾಡುವುದು, ಯಾವ ತುಂಡಿನ ಮೇಲೆ ಭಾರ ಹಾಕಬೇಕು ಅನ್ನುವುದು, ಇವೆರಡು ಬಾರದಿದ್ದರೆ ನೀವು ಆಡಿದ್ದು ಅಲ್ಲಿನ ರೋಗಿಗೆ ತಿಳಿಯುವುದಿಲ್ಲ.

ತುಂಡು ಮಾಡುವುದಕ್ಕೆ ಒಂದು ಉಪಾಯವನ್ನೂ ಹೇಳಿಕೊಟ್ಟರು. ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಮಾತು ಆಡುವುದು. ಗದ್ದ ಎಷ್ಟು ಸಲ ಇಳಿದು ಕೈಗೆ ತಾಗುತ್ತದೋ ಅಷ್ಟು ತುಂಡು. ಓ, ಸ್ಪೆ, ದಾ, ಲೆ; ಆಸ್ಪತ್ರೆ, ನಾಲ್ಕು ತುಂಡು. ಚಂದ್ರಿಗೆ ತನ್ನ ಗದ್ದ ತನಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಅವಳ ಗದ್ದದ ಕೆಳಗೆ ನನ್ನ ಕೈ, ನನ್ನ ಗದ್ದದ ಕೆಳಗೆ ಅವಳ ಕೈ. ಮನೆಯ ಒಡತಿ ಒಂದು ದಿನ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಬಂದವಳು ಬಾಗಿಲಲ್ಲೇ ನಿಂತಳು. "ಏನ್ರೇ ಇದು, ಒಬ್ಬರ ಗದ್ದ ಒಬ್ಬರು ಹಿಡ್ಕಂಡು ಏನು ಬೇಡ್ಕಂತಿದೀರಿ?" ಎಂದು ಕೇಳಿದಳು. ನಕ್ಕು ನಕ್ಕು ಆವತ್ತಿನ ಪಾಠ ಅಲ್ಲಿಗೇ ನಿಂತಿತು.

ನಾವು ಮಾಡುತ್ತಿದ್ದ ತಪ್ಪು ಕನ್ನಡದವರೇ ಮಾಡುವ ತಪ್ಪು. ಇಟಾಲಿಯನ್ ಮಾತನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಒಡೆಯುತ್ತಿದ್ದೆವು. ಜ್ವರಕ್ಕೆ ಫೆಬ್ಬ್ರೆ ಎನ್ನುತ್ತಾರೆ. ನಮಗೆ ಅದು ಫೆ, ಬ್ಬ್ರೆ. ಒತ್ತಕ್ಷರವನ್ನು ಬಿಡಿಸಲು ನಮ್ಮ ಕೈ ಬಾರದು. ಮೇಡಂ ತಲೆ ಚಚ್ಚಿಕೊಳ್ಳುವರು: "ಜೋಡಿ ಬಂದರೆ ನಡುವೆ ಒಡೆಯಿರಿ ಅಂತ ಎಷ್ಟು ಸಲ ಹೇಳಲಿ ಮಾರಾಯ್ರೇ! ಫೆಬ್, ಬ್ರೆ. ರಾತ್ರಿಗೂ ಹಾಗೇ, ನೊತ್, ತೆ." ಇನ್ನೊಂದು ಕಡೆ ನಾವು ಒಡೆಯಬಾರದ್ದನ್ನು ಒಡೆಯುತ್ತಿದ್ದೆವು. ಓಸ್, ಪೆ ಎಂದರೆ ತಪ್ಪು. ಆ 'ಸ್' ಮುಂದಿನದರ ಜೊತೆಗೇ ಹೋಗಬೇಕು, ಓ, ಸ್ಪೆ.

ಭಾರದ ಪಾಠ ಇದಕ್ಕಿಂತ ಕಷ್ಟ. ಬಹಳಷ್ಟು ಮಾತುಗಳಲ್ಲಿ ಕೊನೆಯದರ ಹಿಂದಿನ ತುಂಡಿಗೆ ಭಾರ; ಬಂಬೀನೊ, ಮಗು. ಕೆಲವಕ್ಕೆ ಅದಕ್ಕೂ ಹಿಂದೆ, ಮೇದಿಕೊ, ಡಾಕ್ಟರು. ಕಟ್ಟಕಡೆಯ ತುಂಡಿಗೆ ಬಿದ್ದರೆ ಮಾತ್ರ ಅದರ ತಲೆಯ ಮೇಲೆ ಒಂದು ಗೆರೆ ಎಳೆದು ತೋರಿಸುತ್ತಾರೆ, ಚಿತ್ತಾ, ಪಟ್ಟಣ. ಉಳಿದವಕ್ಕೆ ಬರವಣಿಗೆಯಲ್ಲಿ ಗುರುತಿಲ್ಲ, ಕಿವಿಯಿಂದಲೇ ಹಿಡಿಯಬೇಕು. ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಮರ್ಯಾದೆ ಕೊಡುವವರು. ಪಂಕ್ತಿಯಲ್ಲಿ ಬಡಿಸಿದ ಹಾಗೆ ಎಲ್ಲರಿಗೂ ಒಂದೊಂದು ಸೌಟು. ಒಬ್ಬರಿಗೆ ಹೆಚ್ಚು ಬಡಿಸಿ ಉಳಿದವರನ್ನು ಬೇಗ ದಾಟಿ ಹೋಗುವುದು ಚಂದ್ರಿಗೆ ಎಷ್ಟು ಮಾಡಿದರೂ ಬರಲಿಲ್ಲ. "ನಂಗೆ ಎಲ್ಲಾ ಒಂದೇ ಥರ ಕೇಳುತ್ತಕ್ಕ" ಎಂದು ಅಳುವುದೊಂದು ಬಾಕಿ.

ನನಗೆ ಅದು ತಿಳಿದದ್ದು ವಾರ್ಡಿನಲ್ಲಿ. ನೋವು ತಿನ್ನುವ ಹೆಂಗಸರು ಕೂಗುವುದು ಅವ್ವಾ ಎಂದೇ. ಶುರುವಿನ ನೋವಿನಲ್ಲಿ ಭಾರವೆಲ್ಲ 'ಅವ್' ಮೇಲೆ ಬಿದ್ದು ಉಳಿದದ್ದು ಉಸಿರಿನಲ್ಲಿ ಕರಗಿಹೋಗುತ್ತದೆ. ಕೂಸು ಇಳಿಯುವ ಹೊತ್ತು ಹತ್ತಿರ ಬಂದಂತೆ ಭಾರ 'ವಾ' ಮೇಲೆ ಜಾರುತ್ತದೆ. ಎಷ್ಟೋ ಸಲ ನಾನು ಪಕ್ಕದ ಕೋಣೆಯಿಂದ ಬರೀ ಆ ಕೂಗು ಕೇಳಿಯೇ ಕೈಗವಸು ಹಾಕಿಕೊಂಡು ಓಡಿದ್ದುಂಟು. ಒಂದು ಮಧ್ಯಾಹ್ನ ಚಂದ್ರಿಯನ್ನು ವಾರ್ಡಿನ ಬಾಗಿಲ ಹತ್ತಿರ ನಿಲ್ಲಿಸಿ, "ಲೇ, ಕಣ್ಣು ಮುಚ್ಚಿ ಕೇಳೇ. ಈಗ ಯಾವುದರ ಮ್ಯಾಲೆ ಬಿತ್ತು?" ಎಂದೆ. ಕೇಳಿದಳು. ಮತ್ತೆ ಕೇಳಿದಳು. "ಅಯ್ಯ! ಹೌದಲ್ಲಕ್ಕ" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆವತ್ತಿನಿಂದ ಅವಳ ನಾಲಿಗೆ ತಿರುಗಿತು.

ಆಷಾಢದ ಗಾಳಿಯಲ್ಲಿ ದುರ್ಗದಲ್ಲಿ ಒಣಹಾಕಿದ ಬಟ್ಟೆ ನಮ್ಮ ಮನೆಯಲ್ಲಿ ಉಳಿಯುವುದಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಕಿಟಕಿಗೆ ರಟ್ಟು ಸಿಕ್ಕಿಸಿ ನಾವು ಪಾಠ ಒದರುತ್ತಿದ್ದೆವು. ಹೊಳಲ್ಕೆರೆ ಕಡೆಯ ಒಬ್ಬಳು ಹೆರಿಗೆಗೆ ಬಂದಾಗ ಚಂದ್ರಿ ಅವಳ ಮೇಲೇ ಪ್ರಯೋಗ ಶುರು ಮಾಡಿದಳು. "ರೆಸ್ಪೀರಿ, ರೆಸ್ಪೀರಿ! ಸ್ಪಿಂಗಾ!" ಉಸಿರು ತಗೊಳ್ಳಿ, ಮುಕ್ಕಿರಿ ಅಂತ. ಆ ಹುಡುಗಿಯ ತಾಯಿ ಗಾಬರಿಯಾಗಿ ನನ್ನ ಸೆರಗು ಹಿಡಿದಳು: "ಅದೇನು ಮಂತ್ರ ಹಾಕ್ತಾಳ್ರೀ ಈಕೆ?" "ಹೆದರಬ್ಯಾಡ್ರಿ, ಕುಂತ್ಕಳ್ರಿ. ಅದೂ 'ರಿ' ಹಚ್ಚಿ ಮಾತಾಡೋ ಭಾಷೆನೇ" ಎಂದೆ. ಮಂತ್ರವೋ ಏನೋ, ಗಂಡುಮಗು ಸಲೀಸಾಗಿ ಹುಟ್ಟಿತು.

ಬೆಂಗಳೂರಿನಲ್ಲಿ ಪರೀಕ್ಷೆ ಬರೆದೆವು. ಮಾತಿನ ಪರೀಕ್ಷೆಗೆ ಒಳಗೆ ಹೋಗುವ ಮೊದಲು ಚಂದ್ರಿ ಹೊರಗೇ ಕೂತುಬಿಟ್ಟಳು. ಔಷಧಿ ಅಂಗಡಿ ಅನ್ನುವ ಮಾತು ಅವಳಿಗೆ ಯಾವಾಗಲೂ ತೊಡಕು. ಅಲ್ಲೇ ಮೆಟ್ಟಿಲ ಮೇಲೆ ಅವಳ ಗದ್ದ ಹಿಡಿದು ಮತ್ತೆ ಹೇಳಿಸಿದೆ: ಫಾರ್, ಮ, ಚೀ, ಆ. ಇಬ್ಬರೂ ಪಾಸಾದೆವು.

ಆಮೇಲೆ ಅಲ್ಲಿನ ಆಸ್ಪತ್ರೆಯವರು ಫೋನಿನಲ್ಲೇ ಮುಖ ನೋಡಿ ಮಾತಾಡಿಸಿದರು, ಇಬ್ಬರನ್ನೂ ಬೇರೆ ಬೇರೆ ದಿನ. ಗಣಪತಿ ಹಬ್ಬದ ಹೊತ್ತಿಗೆ ಏಜೆನ್ಸಿಯ ಹುಡುಗ ನನಗೆ ಫೋನು ಮಾಡಿ, "ಮೇಡಂ, ನಿಮ್ಮನ್ನ ತಗೊಂಡಿದ್ದಾರೆ. ಈ ಬ್ಯಾಚಿನವರೆಲ್ಲ ಒಂದೇ ಆಸ್ಪತ್ರೆ, ಒಂದೇ ವಿಮಾನ" ಎಂದ. ಚಂದ್ರಕಲಾದು ಏನಾಯಿತು ಎಂದೆ. "ಅದನ್ನ ಅವರನ್ನೇ ಕೇಳಿ ಮೇಡಂ, ಒಬ್ಬರದ್ದು ಇನ್ನೊಬ್ಬರಿಗೆ ನಾವು ಹೇಳೋ ಹಾಗಿಲ್ಲ" ಎಂದ.

ಚಂದ್ರಿಯನ್ನು ಕೇಳಿದೆ. ಕೋಣೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. "ನಂದಿನ್ನೂ ಏನೂ ಹೇಳಿಲ್ಲಕ್ಕ. ಆಗಲ್ಲ ಅನ್ಸುತ್ತೆ ಈ ಸಲ" ಎಂದಳು.

"ಹಂಗಾದ್ರೆ ನಾನೂ ಬರಲ್ಲ ಅಂತೀನಿ. ಮುಂದಿನ ಬ್ಯಾಚಿಗೆ ಇಬ್ರೂ ಹೋಗಾಣ."

ಬೇಡಕ್ಕ, ನೀನು ಹೋಗು ಎನ್ನುತ್ತಾಳೆ ಎಂದುಕೊಂಡಿದ್ದೆ. ಅಂದಿದ್ದರೂ ನಾನು ಕೇಳುತ್ತಿರಲಿಲ್ಲ, ಆದರೂ ಅನ್ನಬೇಕಿತ್ತು. ಅವಳು ಕಡಲೆಕಾಯಿ ಬಿಟ್ಟು ನನ್ನ ಭುಜಕ್ಕೆ ತಲೆ ಒರಗಿಸಿದಳು. "ನೀನಿಲ್ದೆ ಆ ಊರಾಗೆ ನಾನು ಬಾಯಿ ಬಿಡಕಾಗುತ್ತಾ ಅಕ್ಕ?" ಎಂದಳು. ಮಾರನೆಯ ದಿನ ಏಜೆನ್ಸಿಗೆ ಫೋನು ಮಾಡಿ ಈ ಸಲ ಆಗುವುದಿಲ್ಲ ಎಂದುಬಿಟ್ಟೆ. ನನ್ನ ಜಾಗಕ್ಕೆ ಬೇರೆ ಯಾರನ್ನೋ ಹಾಕಿಕೊಂಡರು.

ದಸರಾ ಮುಗಿದ ಮೇಲೆ ಚಂದ್ರಿ ರಜೆ ಹಾಕಿದಳು. ಅವಳ ಅಕ್ಕನನ್ನು ಹೊಸದುರ್ಗಕ್ಕೆ ಕೊಟ್ಟಿದ್ದಾರೆ, ಅವಳ ಬಾಣಂತನಕ್ಕೆ ಹೋಗಬೇಕು ಎಂದಳು. ಆ ಬಾಣಂತಿಯ ಕೂಸಿಗೆಂದು ಟೋಪಿ ಕುಲಾವಿ ನಾನೇ ಪೇಟೆಯಲ್ಲಿ ಕೊಂಡು ಕೊಟ್ಟೆ. ಆಮೇಲೆ ಚಂದ್ರಿಯ ಫೋನು ಹತ್ತಲಿಲ್ಲ. ಬಾಣಂತಿ ಮನೆ, ಸಿಗ್ನಲ್ ಸಿಗದೇನೋ ಎಂದು ನಾನೇ ಅವಳ ಪರವಾಗಿ ನೆಪ ಹುಡುಕಿಕೊಂಡೆ. ಮುಂದಿನ ಬ್ಯಾಚು ಯಾವಾಗ ಎಂದು ವಿಚಾರಿಸಲು ಏಜೆನ್ಸಿಗೆ ಫೋನು ಮಾಡಿ, ನನ್ನದೂ ಚಂದ್ರಕಲಾದೂ ಹೆಸರು ಒಟ್ಟಿಗೆ ಬರೆದುಕೊಳ್ಳಿ ಎಂದೆ.

"ಚಂದ್ರಕಲಾ ಅವರು ಹೋಗಾಯ್ತಲ್ಲ ಮೇಡಂ. ನಿಮಗೆ ಗೊತ್ತಿಲ್ವಾ?" ಎಂದ ಹುಡುಗ.

ಗೊತ್ತಿದೆ, ಮರೆತಿದ್ದೆ ಎಂದು ಫೋನು ಇಟ್ಟೆ. ಯಾಕೆ ಹಾಗಂದೆನೋ. ಮೋಸ ಹೋದದ್ದಕ್ಕಿಂತ ಮೋಸ ಹೋದೆ ಎಂದು ಇನ್ನೊಬ್ಬರ ಎದುರು ತೋರಿಸಿಕೊಳ್ಳುವುದು ಆ ಗಳಿಗೆಯಲ್ಲಿ ದೊಡ್ಡದಾಗಿ ಕಂಡಿತು. ನೀರು ಕುಡಿದು, ಮುಖ ತೊಳೆದು, ನೇರ ಮದಕರಿಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ನನ್ನ ಸಿಟ್ಟೆಲ್ಲ ಗಂಗಮ್ಮನ ಮೇಲೆ. ಆ ಮುದುಕಿಯೇ ಮಾಡಿಸಿದ್ದು, ನನ್ನ ನೆರಳು ಮಗಳ ಮೇಲೆ ಬೀಳಬಾರದೆಂದು ಬಾಯಿ ಕಟ್ಟಿ ಕಳಿಸಿದ್ದಾಳೆ, ಹುಡುಗಿ ಪಾಪ ಏನು ಮಾಡುತ್ತಾಳೆ ಎಂದುಕೊಂಡೆ. ಇಂದು ಬಿಡುವುದಿಲ್ಲ, ಅನ್ನಿಸಿದ್ದನ್ನೆಲ್ಲ ಅಂದೇ ಬರುವುದು ಎಂದು ಹಲ್ಲು ಕಚ್ಚಿ ಕೂತಿದ್ದೆ.

ಗಂಗಮ್ಮ ಹಟ್ಟಿಯ ಮುಂದೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. "ಬಾ ಸುಮವ್ವ, ಬಾ. ಈಗ ಬಂದ್ಯಾ? ಅವ್ಳನ್ನ ಕಳಿಸೋ ದಿನ ನೀನು ಬರ್ಲಿಲ್ಲ ಅಂತ ನಂಗೆ ಎಷ್ಟು ಬ್ಯಾಸರ ಆಗಿತ್ತು."

"ಹೇಳಿದ್ರೆ ಬರ್ತಿದ್ದೆ. ಯಾಕವ್ವ ಹೇಳಲಿಲ್ಲ? ನನ್ನ ಮುಖ ನೋಡಿ ಹೊರಟ್ರೆ ನಿನ್ನ ಮಗಳು ಸತ್ತು ಹೋಗ್ತಿದ್ಲಾ?"

ಗಂಗಮ್ಮನ ಕೈಯಿಂದ ಸೊಪ್ಪು ಜಾರಿತು. "ಸುಮಕ್ಕಂಗೆ ಹೇಳಿದೀನಿ, ಅವ್ರಿಗೆ ಡ್ಯೂಟಿ ಐತಂತೆ ಅಂದ್ಲಲ್ಲೇ ಅವ್ಳು" ಎಂದಳು.

ಜಗಲಿಯ ಮೇಲೆ ಕೂರಿಸಿ ಅವಳೇ ಎಲ್ಲ ಹೇಳಿದಳು. ಚಂದ್ರಿಗೆ ಇಟಲಿಯವರು ಹೂಂ ಅಂದದ್ದು ಶ್ರಾವಣದಲ್ಲೇ. ನನಗಿಂತ ಮೊದಲು. "ನಾನು ಖುಷಿಯಾಗಿ, ಸುಮವ್ವ ಜೊತೆಗಿರ್ತಾಳಲ್ಲ ನಂಗೇನು ಚಿಂತೆ ಅಂದೆ ಕಣವ್ವ. ಆಮ್ಯಾಲೆ ಸೋಮವಾರ ಅವ್ಳು ಅಮ್ಮನ ಗುಡಿಗೆ ಹೋಗಿ ಹೂ ಕೇಳಿದ್ಲು."

ನಮ್ಮ ಕಡೆ ಯಾವ ಕೆಲಸಕ್ಕೂ ಹೀಗೆ ಕೇಳುತ್ತಾರೆ. ದೇವರ ಮೈಗೆ ಹಸಿ ಹೂವು ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕೈ ಮುಗಿದು ನಿಲ್ಲುವುದು. ಬಲಗಡೆಯ ಹೂವು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ.

"ಏನಂತ ಕೇಳಿದ್ಲು?" ಎಂದೆ.

ಗಂಗಮ್ಮ ನೆಲ ನೋಡಿದಳು. "ಬಿಡು ತಾಯಿ."

"ಹೇಳವ್ವ."

"ಗಂಡ ಇಲ್ದೋಳ ಜೊತೆಗೆ ಹೊರಟ್ರೆ ನಂಗೆ ಒಳ್ಳೇದಾಗುತ್ತಾ ಅಂತ. ಎಡಕ್ಕೆ ಬಿತ್ತು. ಹೂವು ಸರಿಯಾಗಿ ಮೆತ್ತಿರಲಿಲ್ಲ, ಇನ್ನೊಂದು ಸಲ ಕೇಳಾಣ ಬಾರೇ ಅಂತ ನಾನು ಹೇಳಿದೆ. ಬ್ಯಾಡ ಅಂದ್ಲು."

ಶ್ರಾವಣ ಮುಗಿದ ಮೇಲೆ ಬರುವುದು ಗಣಪತಿ ಹಬ್ಬ. ನನ್ನ ಭುಜಕ್ಕೆ ತಲೆ ಒರಗಿಸಿ ನೀನಿಲ್ಲದೆ ಆಗುತ್ತಾ ಅಂದಾಗ ಅವಳಿಗೆ ಎಲ್ಲವೂ ಗೊತ್ತಿತ್ತು. ನಾನು ಒಪ್ಪಿಕೊಂಡಿದ್ದರೆ ಅದೇ ವಿಮಾನ, ಅದೇ ವಾರ್ಡು. ಅದಕ್ಕೇ ನಾನು ಬೇಡ ಅನ್ನುವವರೆಗೂ ಕಾದಳು. ದೇವರನ್ನು ಕೇಳಿದಳು, ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಹಣೆಗೆ ಕುಂಕುಮ ಹಚ್ಚಿದ ಹುಡುಗಿಯೇ ಗುಡಿಯಲ್ಲಿ ನನಗೆ ಆ ಹೆಸರು ಇಟ್ಟಳಲ್ಲ, ಗಂಡ ಇಲ್ಲದವಳು ಅಂತ.

ಅಷ್ಟರಲ್ಲಿ ಗಂಗಮ್ಮನ ಫೋನು ಬಡಿದುಕೊಂಡಿತು. ಚಂದ್ರಿಯದೇ. ಗಂಗಮ್ಮನಿಗೆ ಸ್ಪೀಕರ್ ಆರಿಸಲು ಬಾರದು, ಮಾತೆಲ್ಲ ಅಂಗಳಕ್ಕೇ ಕೇಳುತ್ತಿತ್ತು.

"ಅವ್ವಾ, ನಾಳೆ ಕೆಲಸಕ್ಕೆ ಸೇರ್ತೀನಿ. ಅಮ್ಮನಿಗೆ ದೀಪ ಹಚ್ಚು."

"ಹಚ್ತೀನಿ ಮಗಳೆ. ಇಲ್ಲಿ ಸುಮವ್ವ ಬಂದೈತೆ ನೋಡು. ಮಾತಾಡು" ಎಂದಳು ಗಂಗಮ್ಮ, ಎಲ್ಲವನ್ನೂ ಒಂದೇ ಮಾತಿಗೆ ಸರಿಮಾಡುವವಳ ಹಾಗೆ.

ಚಂದ್ರಿ ಸಣ್ಣ ದನಿಯಲ್ಲಿ, ನನಗೆ ಕೇಳದೆಂದು ತಿಳಿದು, "ಇವತ್ತೇ ಯಾಕವ್ವ ಅವರನ್ನ ಮನೆಗೆ ಕರ್ದೆ?" ಎಂದಳು.

ಭಾರ ಎಲ್ಲಿ ಬಿತ್ತೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕ ಅನ್ನುತ್ತಿದ್ದವಳಿಗೆ ನಾನು 'ಅವರು' ಆಗಿದ್ದೆ. ಸಮುದ್ರ ದಾಟಿ, ನನ್ನ ಗುರುತಿನವರೊಬ್ಬರೂ ಇಲ್ಲದ ಊರಿಗೆ ಹೋಗಿಯೂ ಅವಳಿಗೆ ನಾನು ಗಂಡ ಸತ್ತವಳೇ.

ಗಂಗಮ್ಮ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಆಗಲೂ ಒಳಗಿನಿಂದ ಅವ್ವಾ ಅವ್ವಾ ಎಂದು ಕೇಳುತ್ತಲೇ ಇತ್ತು. ನಾನೇ ಅದನ್ನು ತೆಗೆದುಕೊಂಡು ಆರಿಸಿದೆ. "ನನ್ನ ಹೊಟ್ಟೆಯಾಗೆ ಹುಟ್ಟಿದ್ದು ಹಿಂಗಾತಲ್ಲ ತಾಯಿ" ಎಂದು ಅವಳು ಅಳತೊಡಗಿದಳು. "ಹೊಸಾ ಊರು, ಹೆದರ್ಕೆಗೆ ಅಂದಿರ್ತಾಳೆ ಬಿಡವ್ವ" ಎಂದೆ. ಜಗಳ ಮಾಡಲು ಹೋದವಳು ಅವಳನ್ನು ಸಮಾಧಾನ ಮಾಡಿ, ಅವಳು ಕೊಟ್ಟ ಟೀ ಕುಡಿದು, ಸಂಜೆಯ ಡ್ಯೂಟಿಗೆ ವಾಪಸು ಬಂದೆ.

ಬೇಸಿಗೆಯಲ್ಲಿ ಏಜೆನ್ಸಿಯ ಹುಡುಗ ಮತ್ತೆ ಫೋನು ಮಾಡಿದ. ನಿಮ್ಮ ಉಚ್ಚಾರ ಚೆನ್ನಾಗಿತ್ತೆಂದು ಆಸ್ಪತ್ರೆಯವರೇ ಕೇಳುತ್ತಿದ್ದಾರೆ, ಈ ಬ್ಯಾಚಿಗೆ ಹೆಸರು ಕೊಡಿ ಮೇಡಂ ಎಂದ. ನಾನು ಬರುವುದಿಲ್ಲ ಎಂದೆ. ಯಾಕೆ ಎಂದು ಬಿಡದೆ ಕೇಳಿದ.

"ಅಲ್ಲಿ ಆಗಲೇ ನಮ್ಮ ಕಡೆಯವರು ಒಬ್ಬರು ಇದ್ದಾರೆ" ಎಂದೆ.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮೇಡಂ" ಎಂದ ಹುಡುಗ, "ನಿಮಗೆ ಜೊತೆ ಸಿಗುತ್ತೆ."